ಎರಡು ಚುಕ್ಕಿ, ಒಂದು ಗೆರೆ

ಕಳೆದ ಶನಿವಾರ ಸಂಜೆ ಮೂಡುಬಿದಿರೆಯ ಹಾಸ್ಟೆಲಿನಿಂದ ಮೊಮ್ಮಗಳು ಬಂಟ್ವಾಳಕ್ಕೆ ಬಂದಳು. ಸಾಮಾನ್ಯವಾಗಿ ಬಸ್ಸು ಇಳಿದು ಅಂಗಳಕ್ಕೆ ಕಾಲಿಡುವ ಮೊದಲೇ "ಅಜ್ಜೀ, ತಿನ್ನಲಿಕ್ಕೆ ಎಂತ ಉಂಟು?" ಎಂದು ಕೇಳುವವಳು, ಅಂದು ಚೀಲವನ್ನು ಜಗಲಿಯಲ್ಲಿ ಇಟ್ಟು ಸುಮ್ಮನೆ ಕುಳಿತಳು. ಅವಳ ಅಜ್ಜಿ ಬನ್ಸ್ ತಂದಿಟ್ಟರೂ ಕೈ ಹೋಗಲಿಲ್ಲ. ಪರೀಕ್ಷೆಯಲ್ಲಿ ಏನಾದರೂ ಆಯಿತೋ ಎಂದು ನನಗೆ ಗಾಬರಿ.

"ಪರೀಕ್ಷೆ ಅಲ್ಲ ಅಜ್ಜ. ನಿಮ್ಮ ಹೆಸರು ಹಾಳು ಮಾಡುತ್ತಿದ್ದೆ, ಸ್ವಲ್ಪದರಲ್ಲಿ ತಪ್ಪಿತು" ಎಂದಳು.

ವಿಷಯ ಇಷ್ಟು. ಬೆಳ್ತಂಗಡಿ ತಾಲೂಕಿನ ಒಂದು ಹಾಲಿನ ಸಂಘದಲ್ಲಿ ನನ್ನ ಭಾವ ನಿರ್ದೇಶಕರು. ಸಂಘದ ಇನ್ನೂರಕ್ಕೂ ಹೆಚ್ಚು ಸದಸ್ಯರ ಆಧಾರ್, ಪಾಸ್‌ಬುಕ್, ಪಹಣಿಯ ಪ್ರತಿಗಳು ಕಪಾಟಿನಲ್ಲಿ ಗೆದ್ದಲಿಗೆ ಆಹಾರವಾಗುತ್ತಿದ್ದವು. ಅವನ್ನೆಲ್ಲ ಫೋಟೊ ತೆಗೆದು, ಪ್ರತಿ ಮನೆಯದ್ದನ್ನು ಒಂದೊಂದು ಜಿಪ್ ಫೈಲಾಗಿ ಕಟ್ಟಿ, ಕಂಪ್ಯೂಟರಿಗೆ ಏರಿಸುವ ಒಂದು ಪ್ರೋಗ್ರಾಂ ಬೇಕೆಂದು ಭಾವ ಹೇಳಿದಾಗ, "ಪೇಟೆಯವರಿಗೆ ಯಾಕೆ ದುಡ್ಡು ಕೊಡುತ್ತೀರಿ ಭಾವ? ನಮ್ಮ ಮೊಮ್ಮಗಳೇ ಇಂಜಿನಿಯರಿಂಗ್ ಓದುತ್ತಿದ್ದಾಳಲ್ಲ" ಎಂದು ದೊಡ್ಡಸ್ತಿಕೆ ಮಾಡಿದವನು ನಾನೇ. ಹುಡುಗಿ ಎರಡು ತಿಂಗಳು ಕುಳಿತು ಮಾಡಿದಳು. ಮುಂದಿನ ಸೋಮವಾರ ಶುರು ಮಾಡುವುದೆಂದು ನಿಶ್ಚಯವಾಗಿತ್ತು.

ಕೊಡುವ ಮೊದಲು ಒಮ್ಮೆ ಕಾಲೇಜಿನ ಮೇಡಂಗೆ ತೋರಿಸಿದ್ದಾಳೆ. ಮೇಡಂ ಮೆಚ್ಚಿಕೊಂಡು, "ನಾನೊಂದು ಜಿಪ್ ಫೈಲು ಕಳಿಸುತ್ತೇನೆ, ಏರಿಸಿ ನೋಡು" ಎಂದರಂತೆ. ಅದರಲ್ಲಿ ಮೂರು ಹೂವಿನ ಫೋಟೊ, ಒಂದು ಸಣ್ಣ ಬರಹದ ಫೈಲು. ಏರಿಸಿದಳು. ಫೋಟೊಗಳು ಸರಿಯಾದ ಫೋಲ್ಡರಿನಲ್ಲೇ ಕುಳಿತವು. ಆದರೆ ಪ್ರೋಗ್ರಾಮಿನ ಮುಖಪುಟ ತೆರೆದರೆ, ಸಂಘದ ಹೆಸರು ಇರಬೇಕಾದ ಜಾಗದಲ್ಲಿ, "ಬಾಗಿಲು ತೆರೆದಿತ್ತು, ಒಳಗೆ ಬಂದೆ" ಎಂಬ ಒಂದೇ ಸಾಲು!

ಮೇಡಂ ಪಾಸ್‌ವರ್ಡ್ ಕದಿಯಲಿಲ್ಲ, ಬೀಗ ಒಡೆಯಲಿಲ್ಲ. ಕಟ್ಟಿನೊಳಗಿನ ಆ ನಾಲ್ಕನೆಯ ಫೈಲಿನ ಹೆಸರಿನಲ್ಲಿ ಎರಡು ಚುಕ್ಕಿ, ಒಂದು ಓರೆಗೆರೆ ಸೇರಿಸಿದ್ದರು. ಅಷ್ಟೇ.

ಇದಕ್ಕೆ ಕಂಪ್ಯೂಟರಿನವರು ಇಟ್ಟ ಹೆಸರು 'ಪಾತ್ ಟ್ರಾವರ್ಸಲ್'. ದಾರಿ ತಪ್ಪಿಸಿ ಒಳನುಗ್ಗುವುದು ಎನ್ನೋಣ. ನಾನು ಬಿ.ಕಾಂ. ಮಾಡಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕುಳಿತವನು, ಈ ವಿದ್ಯೆ ನನ್ನದಲ್ಲ. ಆದರೆ ಆ ರಾತ್ರಿ ಅವಳು ಕಾಗದದ ಮೇಲೆ ಬರೆದು ವಿವರಿಸಿದಾಗ, ನನ್ನ ಸರ್ವಿಸಿನಲ್ಲಿ ಬಂದ ಒಂದೇ ಒಂದು ಮೆಮೊ ನೆನಪಿಗೆ ಬಂತು. ಅದನ್ನೂ ಹೇಳುತ್ತೇನೆ, ಮೊದಲು ದಾರಿ ಎಂದರೇನು ನೋಡೋಣ.

ಮಕ್ಕಳೇ, ನೀವು ಅಂಚೆಗೆ ವಿಳಾಸ ಬರೆಯುತ್ತೀರಲ್ಲ? ಕಂಪ್ಯೂಟರಿನಲ್ಲಿ ಪ್ರತಿ ಫೈಲಿಗೂ ಒಂದು ವಿಳಾಸ ಇರುತ್ತದೆ. ನಾವು ಸಣ್ಣ ಊರಿನಿಂದ ದೊಡ್ಡದಕ್ಕೆ ಹೋಗುತ್ತೇವೆ, ಅದು ದೊಡ್ಡದರಿಂದ ಸಣ್ಣದಕ್ಕೆ ಬರುತ್ತದೆ. ವೇಣೂರಿನ ವಿಳಾಸವನ್ನು ಕಂಪ್ಯೂಟರು ಹೀಗೆ ಬರೆಯುತ್ತದೆ:

ದಕ್ಷಿಣ ಕನ್ನಡ / ಬೆಳ್ತಂಗಡಿ / ವೇಣೂರು

ಜಿಲ್ಲೆಯೊಳಗೆ ತಾಲೂಕು, ತಾಲೂಕಿನೊಳಗೆ ಊರು. ಫೋಲ್ಡರಿನೊಳಗೆ ಫೋಲ್ಡರು. ಇನ್ನು ಎರಡು ಚುಕ್ಕಿಯ ಅರ್ಥ, 'ಒಂದು ಸುತ್ತು ಹೊರಗೆ ಬಾ' ಎಂದು. ವೇಣೂರಿನಲ್ಲಿ ನಿಂತು ಒಮ್ಮೆ ಎರಡು ಚುಕ್ಕಿ ಇಟ್ಟರೆ ಬೆಳ್ತಂಗಡಿ ತಾಲೂಕಿಗೆ ಬಂದಿರಿ. ಇನ್ನೊಮ್ಮೆ ಇಟ್ಟರೆ ಜಿಲ್ಲೆಗೆ ಬಂದಿರಿ. ಈಗ ಈ ವಿಳಾಸವನ್ನು ಬೆರಳಿಟ್ಟು ಓದಿ:

ದಕ್ಷಿಣ ಕನ್ನಡ / ಬೆಳ್ತಂಗಡಿ / ವೇಣೂರು / .. / .. / ಬಂಟ್ವಾಳ / ಸಿದ್ದಕಟ್ಟೆ

ಶುರುವಿನಲ್ಲಿ ವೇಣೂರು ಎಂದೇ ಇದೆ. ಆದರೆ ಹೋಗಿ ನಿಲ್ಲುವುದು ಸಿದ್ದಕಟ್ಟೆಯಲ್ಲಿ! 'ವೇಣೂರಿನವರಿಗೆ ಮಾತ್ರ ಪ್ರವೇಶ' ಎಂದು ಬಾಗಿಲಲ್ಲಿ ನಿಂತವನು ಮೊದಲ ಮೂರು ಹೆಸರು ಓದಿ "ಸರಿ, ಹೋಗಿ" ಎಂದುಬಿಟ್ಟರೆ ಅವನು ಮೋಸ ಹೋದ.

ಎರಡು ಚುಕ್ಕಿ ಕೆಟ್ಟದ್ದೇನಲ್ಲ. ಕಂಪ್ಯೂಟರಿನ ಕೆಲಸದವರು ದಿನಕ್ಕೆ ನೂರು ಸಲ ಅದನ್ನು ಬಳಸುತ್ತಾರೆ. ಆದರೆ ಹೊರಗಿನವರು ಬರೆದುಕೊಟ್ಟ ವಿಳಾಸದಲ್ಲಿ ಅದು ಬಂದಾಗ ನೋಡದೆ ಒಪ್ಪಿಕೊಂಡರೆ ಕಷ್ಟ.

ಜಿಪ್ ಫೈಲು ಎಂದರೆ ಒಂದು ಮೂಟೆ. ಅದರಲ್ಲಿರುವ ಪ್ರತಿ ವಸ್ತುವಿಗೂ ಒಂದೊಂದು ಚೀಟಿ ಅಂಟಿಸಿರುತ್ತದೆ, 'ನನ್ನನ್ನು ಇಲ್ಲಿಡು' ಎಂದು. ಮೂಟೆ ಬಿಚ್ಚುವ ಪ್ರೋಗ್ರಾಂ ಚೀಟಿ ನೋಡಿ ಒಂದೊಂದನ್ನು ಅದರದರ ಜಾಗದಲ್ಲಿ ಇಡುತ್ತದೆ. ಚೀಟಿ ಬರೆದವರು ಯಾರು? ಮೂಟೆ ಕಟ್ಟಿದವರು. ಅವರು 'ಎರಡು ಸುತ್ತು ಹೊರಗೆ ಹೋಗಿ ಮುಖಪುಟದ ಜಾಗದಲ್ಲಿ ಇಡು' ಎಂದು ಬರೆದರೆ, ಪೆದ್ದು ಪ್ರೋಗ್ರಾಂ ಹಾಗೆಯೇ ಇಡುತ್ತದೆ. ಅಲ್ಲಿ ಮೊದಲೇ ಇದ್ದದ್ದನ್ನು ಅಳಿಸಿಯೂ ಇಡುತ್ತದೆ. ಹಾಲಿನ ಸಂಘದ ಲೆಕ್ಕದಲ್ಲಿ ಹೇಳುವುದಾದರೆ, ಯಾರೋ ಒಬ್ಬ ತನ್ನ ಪಹಣಿ ಏರಿಸುವ ನೆಪದಲ್ಲಿ ಒಂದು ಕಳ್ಳ ಪ್ರೋಗ್ರಾಂ ಒಳಗೆ ಇಟ್ಟು, ಇನ್ನೂರು ಮನೆಯ ಆಧಾರ್ ಮತ್ತು ಪಾಸ್‌ಬುಕ್ ಹೊತ್ತೊಯ್ಯಬಹುದಿತ್ತು.

ಈಗ ನನ್ನ ಮೆಮೊ.

1980ರ ದಶಕದ ಮಾತು. ಬೆಳ್ತಂಗಡಿ ಕಡೆಯ ಒಂದು ಶಾಖೆಯಲ್ಲಿದ್ದೆ. ಆಗ ಎಲ್ಲವೂ ಲೆಡ್ಜರ್, ಎಲ್ಲವೂ ಕಾಗದ. ಹಳೆಯ ವೋಚರುಗಳ ಕಟ್ಟುಗಳು ಹಿಂದಿನ ರೆಕಾರ್ಡ್ ರೂಮಿನಲ್ಲಿ. ಬೇಕಾದರೆ ಚೀಟಿಯಲ್ಲಿ ಕಪಾಟು, ಅಡ್ಡಹಲಗೆ, ಕಟ್ಟಿನ ನಂಬರು ಬರೆದು, ಇನಿಷಿಯಲ್ ಹಾಕಿ ಅಟೆಂಡರ್ ಕೈಗೆ ಕೊಡಬೇಕು. ಅವರು ತಂದುಕೊಡುತ್ತಾರೆ. ನಮ್ಮ ಅಟೆಂಡರ್ ಚಿನ್ನದಂಥ ಮನುಷ್ಯ. ಚೀಟಿಯಲ್ಲಿ ಇದ್ದದ್ದನ್ನು ಬಿಟ್ಟು ಒಂದು ಕಾಗದ ಆಚೀಚೆ ಮಾಡಿದವರಲ್ಲ.

ಆಡಿಟ್ ಸಮಯ. ಹಳೆಯ ವೋಚರ್ ಹುಡುಕಲಿಕ್ಕೆಂದು ಒಬ್ಬ ಹುಡುಗನನ್ನು ತಾತ್ಕಾಲಿಕವಾಗಿ ಹಾಕಿಕೊಂಡಿದ್ದರು. ಗಳಿಗೆಗೊಮ್ಮೆ ಬಂದು "ಸರ್, ಇನಿಷಿಯಲ್" ಎನ್ನುತ್ತಿದ್ದ. ನನಗೆ ಕೌಂಟರಿನಲ್ಲಿ ಜನ. ಕೊನೆಗೆ ಬೇಸತ್ತು ಇಪ್ಪತ್ತು ಖಾಲಿ ಚೀಟಿಗಳಿಗೆ ಒಟ್ಟಿಗೆ ಇನಿಷಿಯಲ್ ಹಾಕಿ ಅವನ ಕೈಗೆ ಕೊಟ್ಟುಬಿಟ್ಟೆ. ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಇದು ಎಂಥ ಪಾಪ ಎಂದು ಹೇಳಬೇಕಾಗಿಲ್ಲ.

ಹುಡುಗ ಕೆಟ್ಟವನಲ್ಲ, ಕಿಲಾಡಿ. ಮೂರನೆಯ ದಿನ ಊಟದ ಹೊತ್ತಿಗೆ ಒಂದು ಚೀಟಿ ಬರೆದ: 'ರೆಕಾರ್ಡ್ ರೂಮ್, 3ನೇ ಕಪಾಟು, ಅಲ್ಲಿಂದ ಹೊರಗೆ ಬಂದು, ಎಡಗಡೆ ಎರಡನೇ ಮೇಜು, ಮೇಲಿನ ಡ್ರಾಯರ್, ಅದರಲ್ಲಿರುವ ಪುಸ್ತಕ.' ಅದು ಅಧಿಕಾರಿಯ ಮೇಜು. ಆ ಡ್ರಾಯರಿನಲ್ಲಿ ದಿನದ ಬಳಕೆಯ ಖಾಲಿ ಡಿಮಾಂಡ್ ಡ್ರಾಫ್ಟ್ ಪುಸ್ತಕ. ಅಧಿಕಾರಿ ಬೀಗ ಹಾಕಲು ಮರೆತು ಊಟಕ್ಕೆ ಎದ್ದಿದ್ದರು. ಅಟೆಂಡರ್ ಚೀಟಿ ನೋಡಿದರು, ನನ್ನ ಇನಿಷಿಯಲ್ ನೋಡಿದರು, ರೆಕಾರ್ಡ್ ರೂಮಿಗೆ ಹೋದರು, ಮೂರನೇ ಕಪಾಟಿನ ಎದುರು ನಿಂತರು, ಹೊರಗೆ ಬಂದರು, ಡ್ರಾಯರ್ ಎಳೆದರು, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ತಂದು ಹುಡುಗನ ಮುಂದಿಟ್ಟರು.

ಹುಡುಗ ನಗುವಷ್ಟರಲ್ಲಿ ಮ್ಯಾನೇಜರ್ ಬಂದರು. ಅವರು ನಗಲಿಲ್ಲ. ಖಾಲಿ ಡ್ರಾಫ್ಟಿನ ಒಂದು ಹಾಳೆ ಹೊರಗೆ ಹೋದರೂ ಆ ಕಾಲದಲ್ಲಿ ಎಷ್ಟು ದೊಡ್ಡ ವಿಷಯ!

"ಇದನ್ನು ಯಾಕೆ ತಂದಿರಿ?" ಎಂದು ಕೇಳಿದಾಗ ಅಟೆಂಡರ್ ನಡುಗುತ್ತ ಹೇಳಿದ್ದು, "ಚೀಟಿಯಲ್ಲಿ ಉಂಟು ಸರ್, ಹಾಗೆ ತಂದೆ."

ಆ ಮಾತನ್ನು ನಾನು ಈವರೆಗೆ ಮರೆತಿಲ್ಲ. ಮೆಮೊ ಅವರಿಗೆ ಬರಲಿಲ್ಲ. ನನಗೆ ಬಂತು. ಬರಬೇಕಾದದ್ದೇ.

ಮೊಮ್ಮಗಳಿಗೆ ಈ ಕಥೆ ಹೇಳಿದಾಗ ಅವಳು ಮೊದಲ ಸಲ ನಕ್ಕಳು. "ಅಜ್ಜ, ನನ್ನ ಪ್ರೋಗ್ರಾಂ ನಿಮ್ಮ ಅಟೆಂಡರ್! ಇದಕ್ಕೆ 'ಜಿಪ್ ಸ್ಲಿಪ್' ಅಂತಲೇ ಹೆಸರು ಉಂಟು" ಎಂದಳು. ಸ್ಲಿಪ್ ಎಂದರೆ ನನಗೆ ಬ್ಯಾಂಕಿನ ಚೀಟಿ, ಅವಳಿಗೆ ಜಾರುವುದು. ಎರಡೂ ಸರಿಯೇ. 2018ರ ಜೂನ್ ತಿಂಗಳಲ್ಲಿ ಸ್ನಿಕ್ ಎಂಬ ಕಂಪನಿಯವರು ಈ ದೋಷಕ್ಕೆ ಆ ಹೆಸರಿಟ್ಟು ಲೋಕಕ್ಕೆ ಎಚ್ಚರಿಕೆ ಕೊಟ್ಟರಂತೆ. ಸಾವಿರಾರು ಸಾಫ್ಟ್‌ವೇರ್ ಯೋಜನೆಗಳಲ್ಲಿ ಅದೇ ತೂತು ಇತ್ತು. ಜಾವಾ ಭಾಷೆಯಲ್ಲಿ ಅದು ಹೆಚ್ಚು, ಯಾಕೆಂದರೆ ಮೂಟೆ ಬಿಚ್ಚಲು ಎಲ್ಲರೂ ನಂಬುವಂಥ ಒಂದು ಸಿದ್ಧ ಸಲಕರಣೆ ಅಲ್ಲಿ ಇರಲಿಲ್ಲ. ಒಬ್ಬರು ಬರೆದ ಹತ್ತು ಸಾಲನ್ನು ಇನ್ನೊಬ್ಬರು ನಕಲು ಮಾಡಿದರು, ಅವರದ್ದನ್ನು ಮತ್ತೊಬ್ಬರು. ನಮ್ಮ ಹುಡುಗಿಯೂ ಹಾಗೆಯೇ ಎಲ್ಲಿಂದಲೋ ಹತ್ತು ಸಾಲು ತಂದಿದ್ದಳು. "ಎಲ್ಲರೂ ಅದನ್ನೇ ಹಾಕುತ್ತಾರೆ ಅಜ್ಜ, ಯಾರಾದರೂ ನೋಡಿರುತ್ತಾರೆ ಅಂದುಕೊಂಡೆ."

ನಾನು ಹಾಕಿಕೊಟ್ಟ ಇಪ್ಪತ್ತು ಇನಿಷಿಯಲ್ ಕೂಡ ಅಂಥದ್ದೇ ಅಲ್ಲವೇ? ನಾನು ನೋಡಿರುತ್ತೇನೆ ಎಂದು ಅಟೆಂಡರ್ ನಂಬಿದರು. ಅಟೆಂಡರ್ ನೋಡುತ್ತಾರೆ ಎಂದು ನಾನು ನಂಬಿದೆ. ನೋಡಿದವರು ಯಾರೂ ಇಲ್ಲ.

"ಹಾಗಾದರೆ ಎರಡು ಚುಕ್ಕಿ ಕಂಡಲ್ಲೆಲ್ಲ ಅಳಿಸಿಬಿಟ್ಟರೆ ಮುಗಿಯಿತಲ್ಲ?" ಎಂದು ನಾನು ನನ್ನ ಬುದ್ಧಿ ತೋರಿಸಿದೆ. ಅವಳು ಕಾಗದದ ಮೇಲೆ ಒಂದು ಶಬ್ದ ಬರೆದಳು: ಸಕ್ಕಸಕ್ಕರೆರೆ.

"ಅಜ್ಜ, ನಿಮಗೆ ಸಕ್ಕರೆ ಕಾಯಿಲೆ. ಈ ಶಬ್ದದಲ್ಲಿ 'ಸಕ್ಕರೆ' ಎಲ್ಲಿ ಉಂಟೋ ಅಲ್ಲಿ ಒಮ್ಮೆ ಅಳಿಸಿ ನೋಡುವಾ."

ನಡುವಿನ ಸಕ್ಕರೆ ಅಳಿಸಿದೆ. ಎಡಗಡೆ 'ಸಕ್ಕ' ಉಳಿಯಿತು, ಬಲಗಡೆ 'ರೆ' ಉಳಿಯಿತು. ಎರಡೂ ಸೇರಿ ಮತ್ತೆ ಸಕ್ಕರೆ! ಅಳಿಸುವ ಕೆಲಸವೇ ಹೊಸ ಸಕ್ಕರೆ ಮಾಡಿಕೊಟ್ಟಿತು. ಒಳಗೆ ಬರಬೇಕೆಂದು ಹೊಂಚುವವನು ಎರಡು ಚುಕ್ಕಿ ಮತ್ತು ಗೆರೆಯನ್ನು ಹೀಗೆಯೇ ಒಂದರೊಳಗೊಂದು ಅಡಗಿಸಿ ಇಡುತ್ತಾನೆ. ಒಮ್ಮೆ ತೊಳೆದು 'ಶುದ್ಧವಾಯಿತು' ಎಂದು ಕೈ ಒರೆಸಿಕೊಂಡರೆ ಅವನಿಗೆ ಬೇಕಾದದ್ದೇ ಉಳಿದಿರುತ್ತದೆ.

ಸರಿಯಾದ ಉಪಾಯ ನಮ್ಮ ಮ್ಯಾನೇಜರಿಗೆ ಆವತ್ತೇ ಹೊಳೆದಿತ್ತು. ಚೀಟಿ ಹೇಗೆ ಬರೆಯಬೇಕೆಂದು ಅವರು ನಿಯಮ ಮಾಡಲಿಲ್ಲ. "ಚೀಟಿಯಲ್ಲಿ ಏನು ಬೇಕಾದರೂ ಇರಲಿ. ಅದು ಹೇಳಿದ ಹಾಗೆ ಹೋಗುವಾಗ ನಿಮ್ಮ ಕಾಲು ರೆಕಾರ್ಡ್ ರೂಮಿನ ಹೊಸಿಲು ದಾಟಬೇಕಾಗಿ ಬಂದರೆ, ಬರಿಗೈಯಲ್ಲಿ ನನ್ನ ಹತ್ತಿರ ಬನ್ನಿ" ಎಂದು ಅಟೆಂಡರಿಗೆ ಹೇಳಿದರು. ಒಂದೇ ಮಾತು. ಕಂಪ್ಯೂಟರಿನಲ್ಲೂ ಅದೇ ಮದ್ದು. ವಿಳಾಸದ ಎಲ್ಲ ತಿರುವುಗಳನ್ನು ಮೊದಲು ಬಿಡಿಸಿ, ಕೊನೆಗೆ ಅದು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಲೆಕ್ಕ ಹಾಕಬೇಕು. ಆ ಜಾಗ ನಮ್ಮ ಫೋಲ್ಡರಿನ ಒಳಗೇ ಇದ್ದರೆ ಸರಿ. ಹೊಸಿಲು ದಾಟಿದರೆ ಇಡುವುದೇ ಬೇಡ.

ಇದು ಕಲಿಯುವ ಮಕ್ಕಳ ತಪ್ಪು, ದೊಡ್ಡವರು ಮಾಡುವುದಿಲ್ಲ ಎಂದುಕೊಂಡಿರಾ? ವಿನ್‌ರಾರ್ ಎಂಬ ಸಾಫ್ಟ್‌ವೇರಿನ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಪುಸ್ತಕಗಳನ್ನು ಬೆಲ್ಟಿನಲ್ಲಿ ಕಟ್ಟಿಟ್ಟಂಥ ಅದರ ಚಿತ್ರ ಅನೇಕ ಮನೆಗಳ ಕಂಪ್ಯೂಟರಿನಲ್ಲಿ ಇದೆ. ಮೂಟೆ ಕಟ್ಟುವುದು, ಬಿಚ್ಚುವುದು ಅದರ ಕೆಲಸ. 2019ರ ಫೆಬ್ರವರಿ 20ರಂದು ಚೆಕ್ ಪಾಯಿಂಟ್ ಎಂಬ ಇಸ್ರೇಲಿನ ಕಂಪನಿಯ ಸಂಶೋಧಕರು ಅದರಲ್ಲಿ ಇದೇ ತೂತನ್ನು ತೋರಿಸಿಕೊಟ್ಟರು. ಆ ತೂತಿಗೆ 19 ವರ್ಷ ವಯಸ್ಸಾಗಿತ್ತು! ವಿನ್‌ರಾರ್ ಬಳಸುವವರು ಲೋಕದಲ್ಲಿ 50 ಕೋಟಿಗೂ ಹೆಚ್ಚು.

ತಪ್ಪು ವಿನ್‌ರಾರ್‌ನವರು ಬರೆದ ಭಾಗದಲ್ಲಿ ಇರಲಿಲ್ಲ ಎಂಬುದು ಇಲ್ಲಿ ಮುಖ್ಯ. ಏಸ್ ಎಂಬ ಹಳೆಯ ಬಗೆಯ ಮೂಟೆಗಳನ್ನು ಬಿಚ್ಚಲು ಅವರು ಬೇರೆಯವರು ಮಾಡಿದ ಒಂದು 'ಲೈಬ್ರರಿ'ಯನ್ನು ತಂದು ಸೇರಿಸಿಕೊಂಡಿದ್ದರು. ಅದರ ಹೆಸರು ಅನ್‌ಏಸ್‌ವಿ2.

ಸಾಫ್ಟ್‌ವೇರಿನವರ ಲೈಬ್ರರಿ ಎಂದರೆ ನಾವು ಪುಸ್ತಕ ತಂದು ಓದಿ ಹಿಂದೆ ಕೊಡುವ ಲೈಬ್ರರಿ ಅಲ್ಲ. ಒಬ್ಬರು ಮಾಡಿಟ್ಟ ಕೆಲಸವನ್ನು ಇನ್ನೊಬ್ಬರು ತಮ್ಮ ಪ್ರೋಗ್ರಾಮಿನಲ್ಲಿ ಸೇರಿಸಿಕೊಳ್ಳುವಂಥದ್ದು. ನನಗೆ ಮೂಡುಬಿದಿರೆಯ ತಾಳೆಗರಿಗಳು ನೆನಪಾದವು. ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ ಮುಂತಾದ ಜೈನ ಗ್ರಂಥಗಳ ಓಲೆಗಳನ್ನು ತಲೆಮಾರುಗಳಿಂದ ಜೋಪಾನ ಮಾಡಿ ಇಟ್ಟಿದ್ದಾರೆ. ಓಲೆಯ ಕಾಲದಲ್ಲಿ ಗ್ರಂಥ ಬೇಕಾದವರು ಕುಳಿತು ಪ್ರತಿ ಮಾಡಿಕೊಳ್ಳಬೇಕಿತ್ತು. ಮೂಲದ ಓಲೆಯಲ್ಲಿ ಒಂದು ಅಕ್ಷರ ತಪ್ಪಿದ್ದರೆ ಪ್ರತಿ ಮಾಡಿದವರೆಲ್ಲರ ಓಲೆಯಲ್ಲೂ ಅದೇ ತಪ್ಪು. ಮೂಲದಲ್ಲಿ ಯಾರಾದರೂ ಆಮೇಲೆ ತಿದ್ದಿದರೂ ಊರೂರಿಗೆ ಹೋದ ಪ್ರತಿಗಳು ತಾವಾಗಿ ತಿದ್ದಿಕೊಳ್ಳುವುದಿಲ್ಲ. ಸಾಫ್ಟ್‌ವೇರ್ ಲೈಬ್ರರಿಯ ಕಥೆಯೂ ಇದೇ.

ಅನ್‌ಏಸ್‌ವಿ2 ವಿಷಯದಲ್ಲಿ ಇನ್ನೂ ಕಷ್ಟ. ಅದನ್ನು 2005ರ ನಂತರ ಯಾರೂ ಮುಟ್ಟಿರಲಿಲ್ಲ. ತಿದ್ದೋಣ ಎಂದರೆ ಅದರ ಮೂಲ ಬರಹ ವಿನ್‌ರಾರ್‌ನವರ ಹತ್ತಿರ ಇಲ್ಲ. ಬೀಗ ಇದೆ, ಕೀಲಿಕೈ ಮಾಡಿದವನಿಲ್ಲ. ಕೊನೆಗೆ ಅವರು ಮಾಡಿದ್ದು ಒಂದೇ ಕೆಲಸ: 5.70ನೇ ಆವೃತ್ತಿಯಿಂದ ಏಸ್ ಮೂಟೆ ಬಿಚ್ಚುವುದನ್ನೇ ನಿಲ್ಲಿಸಿ ಆ ಲೈಬ್ರರಿಯನ್ನು ಕಿತ್ತು ಹೊರಗೆ ಹಾಕಿದರು. ದುರಸ್ತಿಯಾಗದ ಬಾಗಿಲಿಗೆ ಗೋಡೆ ಕಟ್ಟಿದ ಹಾಗೆ.

ಅಷ್ಟರಲ್ಲಿ ಕಳ್ಳರು ಎದ್ದಿದ್ದರು. ಸುದ್ದಿ ಬಯಲಾದ ಮೊದಲ ವಾರದಲ್ಲೇ ಈ ತೂತಿನಲ್ಲಿ ನುಸುಳುವ ನೂರಕ್ಕೂ ಹೆಚ್ಚು ಬಗೆಯ ಕಳ್ಳ ಮೂಟೆಗಳನ್ನು ಮೆಕಾಫಿ ಕಂಪನಿಯವರು ಲೆಕ್ಕ ಹಾಕಿದರು. ಅದರಲ್ಲೊಂದು, ಅರಿಯಾನಾ ಗ್ರಾಂಡೆ ಎಂಬ ಅಮೆರಿಕದ ಗಾಯಕಿಯ ಹೊಸ ಹಾಡುಗಳ ಮೂಟೆ. ಪುಕ್ಕಟೆ ಹಾಡು ಸಿಕ್ಕಿತೆಂದು ಹುಡುಗರು ಬಿಚ್ಚಿದರು. ಹಾಡುಗಳು ನಿಜವಾಗಿಯೂ ಬಂದವು. ಜೊತೆಗೆ ಯಾರಿಗೂ ಕಾಣದ ಹಾಗೆ ಇನ್ನೊಂದು ಫೈಲು ಕಂಪ್ಯೂಟರಿನ 'ಸ್ಟಾರ್ಟ್‌ಅಪ್' ಫೋಲ್ಡರಿಗೆ ಹೋಗಿ ಕುಳಿತಿತು. ಅದು ಕಂಪ್ಯೂಟರು ಎದ್ದ ಕೂಡಲೇ ಓಡಿಸಬೇಕಾದ ಪ್ರೋಗ್ರಾಂಗಳ ಜಾಗ. ಮರುದಿನ ಗುಂಡಿ ಒತ್ತಿದಾಗ ಕಳ್ಳನೂ ಎದ್ದ. ಮೂಟೆಯ ಹೆಸರು ನೋಡಿ ಗುರುತಿಸೋಣ ಎಂದರೆ ಅದೂ ಆಗದು. ಏಸ್ ಮೂಟೆಗೆ ರಾರ್ ಎಂಬ ಹೆಸರಿನ ಬಾಲ ಅಂಟಿಸಿದ್ದರು. ವಿನ್‌ರಾರ್ ಹೆಸರು ನೋಡುವುದಿಲ್ಲ, ಒಳಗಿನದ್ದನ್ನು ನೋಡಿ ಬಿಚ್ಚುತ್ತದೆ.

ಅದು 2019ರ ಮಾತಾಯಿತು. 2025ರ ಜುಲೈಯಲ್ಲಿ ಅದೇ ವಿನ್‌ರಾರ್‌ನಲ್ಲಿ, ಬೇರೆ ಮೂಲೆಯಲ್ಲಿ, ಇದೇ ಜಾತಿಯ ಇನ್ನೊಂದು ತೂತನ್ನು ಈಸೆಟ್ ಎಂಬ ಕಂಪನಿಯವರು ಕಂಡರು. ಈ ಸಲ ಮೂಟೆ ಬಂದದ್ದು ಕೆಲಸ ಕೇಳುವವರ ಅರ್ಜಿಯ ವೇಷದಲ್ಲಿ. ಯುರೋಪು, ಕೆನಡಾಗಳ ಹಣಕಾಸು, ತಯಾರಿಕೆ ಮೊದಲಾದ ಕಂಪನಿಗಳಿಗೆ ಕಳಿಸಿದ್ದರು. ವಿನ್‌ರಾರ್‌ನವರು ಜುಲೈ 30ರಂದು 7.13ನೇ ಆವೃತ್ತಿ ತಂದು ಮುಚ್ಚಿದರು.

ಎಚ್ಚರಿಕೆಯ ಫಲಕ ಹಾಕಿ ಸುಮ್ಮನಿರುವವರೂ ಇದ್ದಾರೆ. ಶಾಲಾ ಮಕ್ಕಳೂ ಈಗ ಕಲಿಯುವ ಪೈಥಾನ್ ಭಾಷೆಯಲ್ಲಿ ಟಾರ್ ಎಂಬ ಬಗೆಯ ಮೂಟೆ ಬಿಚ್ಚುವ ಲೈಬ್ರರಿ ಒಂದಿದೆ. ಅದರಲ್ಲಿ ಈ ದೋಷ ಇದೆಯೆಂದು 2007ರಲ್ಲೇ ಗೊತ್ತಾಗಿತ್ತು. ಗುರುತಿಲ್ಲದವರ ಮೂಟೆಯನ್ನು ಪರೀಕ್ಷೆ ಮಾಡದೆ ಬಿಚ್ಚಬೇಡಿ ಎಂದು ಕೈಪಿಡಿಯಲ್ಲಿ ಬರೆದರು, ದೋಷ ಹಾಗೆಯೇ ಉಳಿಯಿತು. 2022ರಲ್ಲಿ ಟ್ರೆಲಿಕ್ಸ್ ಎಂಬ ಕಂಪನಿಯವರು ಮತ್ತೆ ನೋಡಿದಾಗ, ಸುಮಾರು ಮೂರೂವರೆ ಲಕ್ಷ ಯೋಜನೆಗಳಲ್ಲಿ ಅದು ಇರಬಹುದೆಂದು ಅಂದಾಜು ಮಾಡಿದರು. ನೇತ್ರಾವತಿಯ ಗುಂಡಿಯ ಹತ್ತಿರ 'ಇಲ್ಲಿ ಈಜಬೇಡಿ' ಎಂದು ಫಲಕ ಹಾಕಿದರೆ ಓದುವವರು ಎಷ್ಟು ಮಂದಿ, ಹಾರುವವರು ಎಷ್ಟು ಮಂದಿ? ಬೇಲಿ ಬಂದದ್ದು 2023ರ 3.12ನೇ ಆವೃತ್ತಿಯಲ್ಲಿ, ಅದೂ ಕೇಳಿದವರಿಗೆ. ಕೇಳದವರಿಗೂ ಬೇಲಿ ತಾನಾಗಿ ಸಿಕ್ಕಿದ್ದು 2025ರ 3.14ರಲ್ಲಿ.

ಇಷ್ಟು ಹೇಳಿ ಮೊಮ್ಮಗಳು ಎದ್ದು ನನ್ನ ಕಂಪ್ಯೂಟರಿನ ಮುಂದೆ ಕುಳಿತಳು. ನನ್ನ ಪೆನ್ಶನ್ ಕಾಗದ, ಅವಳ ಅಜ್ಜಿಯ ಆಸ್ಪತ್ರೆಯ ವರದಿ, ಮನೆಯ ತೆರಿಗೆ ರಸೀದಿ, ಎಲ್ಲವೂ ಅದರಲ್ಲೇ ಇದೆ. ವಿನ್‌ರಾರ್ ತೆರೆದು ಏನೋ ಒತ್ತಿ, "ಅಜ್ಜ, ಇಲ್ಲಿ ಬನ್ನಿ" ಎಂದಳು. ಆವೃತ್ತಿ 5.21! ಹತ್ತು ವರ್ಷದ ಹಿಂದೆ ಮಗ ಹಾಕಿಕೊಟ್ಟದ್ದು. ಅಂದರೆ 2019ರ ತೂತೂ ನನ್ನ ಮನೆಯಲ್ಲೇ ಇತ್ತು, 2025ರದ್ದೂ ಇತ್ತು. "ಚೆನ್ನಾಗಿ ಓಡುತ್ತಿದೆಯಲ್ಲ, ಯಾಕೆ ಮುಟ್ಟುವುದು" ಎಂಬುದು ನನ್ನ ವಾದವಾಗಿತ್ತು. ವಿನ್‌ರಾರ್ ತಾನಾಗಿ ಹೊಸದಾಗುವುದಿಲ್ಲ, ನಾವೇ ಹೋಗಿ ತರಬೇಕು. ಇಷ್ಟು ವರ್ಷ ಪ್ರತಿ ರಾತ್ರಿ ಎದುರಿನ ಬಾಗಿಲಿನ ಚಿಲಕ ಎರಡು ಸಲ ಎಳೆದು ನೋಡಿ ಮಲಗಿದವನು ನಾನು!

ಅವಳು ಹಳೆಯದನ್ನು ತೆಗೆದು ಅವರ ಸ್ವಂತ ತಾಣದಿಂದಲೇ ಹೊಸದನ್ನು ತಂದು ಹಾಕಿದಳು. ಹತ್ತು ನಿಮಿಷ ಹಿಡಿಯಲಿಲ್ಲ. ನೀವೂ ನೋಡಿ. ವಿಂಡೋಸ್ ಕಂಪ್ಯೂಟರಿನಲ್ಲಿ ವಿನ್‌ರಾರ್ ತೆರೆದು, ಮೇಲಿನ ಸಾಲಿನ 'ಹೆಲ್ಪ್' ಒತ್ತಿ, 'ಅಬೌಟ್' ಒತ್ತಿದರೆ ನಂಬರು ಕಾಣುತ್ತದೆ. 7.13ಕ್ಕಿಂತ ಕಡಿಮೆ ಇದ್ದರೆ ಬದಲಾಯಿಸಿ. ಬಳಸುವುದೇ ಇಲ್ಲವಾದರೆ ತೆಗೆದುಬಿಡಿ. ಗುರುತಿಲ್ಲದವರು ಕಳಿಸಿದ ಮೂಟೆಯನ್ನು, ಅದು ಹಾಡಿರಲಿ, ಮದುವೆ ಫೋಟೊ ಇರಲಿ, ಬಿಚ್ಚಬೇಡಿ. ಗುರುತಿನವರ ಹೆಸರಿನಲ್ಲಿ ಬಂದರೂ ಒಂದು ಫೋನು ಮಾಡಿ, "ನೀವು ಕಳಿಸಿದ್ದಾ?" ಎಂದು ಕೇಳಿದರೆ ನಷ್ಟವಿಲ್ಲ. ಮೋಸ ಹೋಗಿ ಹಣ ಹೋಯಿತೆಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಅದು ಸೈಬರ್ ವಂಚನೆಯ ದೂರಿಗೆ ಇರುವ ಸರಕಾರದ ಸಂಖ್ಯೆ. ನಾಚಿಕೆಯಿಂದ ಮರುದಿನಕ್ಕೆ ಹಾಕಬೇಡಿ.

ಪ್ರೋಗ್ರಾಂ ಬರೆಯಲು ಕಲಿಯುತ್ತಿರುವ ಮಕ್ಕಳಿಗೆ ಒಂದು ಮಾತು. ಇನ್ನೊಬ್ಬರು ಮಾಡಿದ್ದನ್ನು ತಂದು ಬಳಸುವುದು ತಪ್ಪಲ್ಲ. ಅಕ್ಕಿಯನ್ನು ನಾವೇ ಬೆಳೆದು ನೀರುದೋಸೆ ಮಾಡುವುದಿಲ್ಲ. ಆದರೆ ಅಂಗಡಿಯಿಂದ ತಂದ ಅಕ್ಕಿಯನ್ನು ಕಲ್ಲು ಆರಿಸದೆ ಅರೆಯುವುದೂ ಇಲ್ಲ. ಯಾವ ಲೈಬ್ರರಿ ತಂದಿರಿ, ಎಷ್ಟನೇ ಆವೃತ್ತಿ, ಅದನ್ನು ನೋಡಿಕೊಳ್ಳುವವರು ಈಗಲೂ ಇದ್ದಾರೆಯೇ, ಇದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ನಮ್ಮ ಬ್ಯಾಂಕಿನಲ್ಲಿ ಸ್ಟ್ರಾಂಗ್ ರೂಮಿನ ಕೀಲಿಕೈ ಯಾವಾಗಲೂ ಇಬ್ಬರ ಹತ್ತಿರ ಇರುತ್ತಿತ್ತು. ಒಬ್ಬರ ಮೇಲೆ ಅಪನಂಬಿಕೆಯಿಂದ ಅಲ್ಲ, ಒಬ್ಬರ ಕಣ್ಣು ತಪ್ಪಿದಲ್ಲಿ ಇನ್ನೊಬ್ಬರ ಕಣ್ಣು ಇರಲೆಂದು.

ಭಾನುವಾರ ಬೆಳಿಗ್ಗೆ ಮೊಮ್ಮಗಳು ತನ್ನ ಪ್ರೋಗ್ರಾಂ ತಿದ್ದಿದಳು. ಮೂಟೆಯ ಪ್ರತಿ ಚೀಟಿಯನ್ನು ಕೊನೆಯವರೆಗೆ ಬಿಡಿಸಿ, ಹೊಸಿಲು ದಾಟಿದರೆ ಇಡೀ ಮೂಟೆಯನ್ನೇ ವಾಪಸು ಮಾಡುವ ಹಾಗೆ. ಹೆಚ್ಚಾದದ್ದು ನಾಲ್ಕೇ ಸಾಲು. ಮೇಡಂ ಕಳಿಸಿದ್ದ ಹೂವಿನ ಮೂಟೆಯನ್ನು ಮತ್ತೆ ಏರಿಸಿದಳು. 'ಈ ಕಟ್ಟನ್ನು ಸ್ವೀಕರಿಸಲಾಗದು' ಎಂದು ಬಂತು. ಸಂಘದ ಹೆಸರು ಮುಖಪುಟದಲ್ಲಿ ಇದ್ದ ಹಾಗೆಯೇ ಇತ್ತು.

ನಾನು ಭಾವನಿಗೆ ಫೋನು ಮಾಡಿ, ಸೋಮವಾರ ಬೇಡ, ಎರಡು ವಾರ ಮುಂದೆ ಹಾಕಿ, ಕಾಲೇಜಿನ ಮೇಡಂ ಇನ್ನೊಮ್ಮೆ ಪೂರ್ತಿ ನೋಡಲಿ ಎಂದೆ. "ಹುಡುಗಿ ಮಾಡಿದ್ದು ಸರಿ ಇಲ್ಲವಾ ಹಾಗಾದರೆ?" ಎಂದು ಭಾವ ಕೇಳಿದರು.

"ಸರಿ ಉಂಟು ಭಾವ. ಅವಳೇ ಹೇಳಿದಳು, ಇನ್ನೊಬ್ಬರು ನೋಡದೆ ಕೊಡುವುದಿಲ್ಲ ಅಂತ" ಎಂದೆ.

ಸಂಜೆ ಬಸ್ಸಿಗೆ ಹೊರಟವಳು ಚೀಲ ಹೆಗಲಿಗೇರಿಸುತ್ತ, "ಅಜ್ಜ, ನಿಮ್ಮ ಆ ಮೆಮೊ ಈಗಲೂ ಉಂಟಾ?" ಎಂದಳು. ಉಂಟು, ಪೆಟ್ಟಿಗೆಯ ತಳದಲ್ಲಿ. ತೆಗೆದು ಕೊಟ್ಟೆ. ಫೋನಿನಲ್ಲಿ ಅದರ ಫೋಟೊ ತೆಗೆದುಕೊಂಡಳು. ಹಾಸ್ಟೆಲಿನ ಗೋಡೆಗೆ ಅಂಟಿಸುತ್ತಾಳಂತೆ. ನಾಲ್ಕು ದಶಕ ಯಾರಿಗೂ ತೋರಿಸದೆ ಇಟ್ಟದ್ದು, ಯಾರಿಗಾದರೂ ಉಪಯೋಗಕ್ಕೆ ಬಂತಲ್ಲ.